ಹುಡುಕಿದರೆ ಸಿಗದ ಕಂಬಳಿ

ಹುಣಸೂರು
4 ಮಾರ್ಚ್ 2007

ಸುನಂದಮ್ಮ ಮೇಡಂ ಅವರಿಗೆ ಪವಿತ್ರಾಳ ನಮಸ್ಕಾರ.

ನೀವು ಹುಣಸೂರು ಕಾಲೇಜಿನ ಲೈಬ್ರರಿಯಲ್ಲಿದ್ದಾಗ ಪುಸ್ತಕ ತಡವಾಗಿ ವಾಪಸು ಕೊಡುವವರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ ಇರುತ್ತಿತ್ತು. ಅದರಿಂದಲಾದರೂ ನೆನಪಿದ್ದೀನಿ ಅಂದುಕೊಂಡಿದ್ದೇನೆ. ನೀವು ಹೈದರಾಬಾದಿಗೆ ಹೋದ ಮೇಲೆ ಎರಡು ಸಲ ಇಮೇಲ್ ಕಳಿಸಿದೆ. ‘ಬರೀ ಚೌಕದ ಡಬ್ಬಿಗಳು ಬಂದಿವೆ, ನನ್ನ ಆಫೀಸಿನ ಕಂಪ್ಯೂಟರಿಗೆ ಕನ್ನಡ ಗೊತ್ತಿಲ್ಲ, ಮರ್ಯಾದೆಯಾಗಿ ಕಾಗದ ಬರಿ’ ಎಂದು ಉತ್ತರ ಕೊಟ್ಟಿರಿ. ಬರೆಯುತ್ತಿದ್ದೇನೆ.

ಮದುವೆಯಾಗಿ ಬೆಟ್ಟದಪುರಕ್ಕೆ ಬಂದ ಮೇಲೂ ಹುಣಸೂರು ಬಸ್‌ಸ್ಟ್ಯಾಂಡಿನ ಎದುರಿನ ಟೈಪಿಂಗ್ ಸೆಂಟರನ್ನು ನಾನು ಬಿಟ್ಟಿಲ್ಲ, ದಿನಾ ಬಸ್ಸಿನಲ್ಲಿ ಓಡಾಡುತ್ತೇನೆ. ಟೈಪ್‌ರೈಟರುಗಳು ಹೋಗಿ ಎರಡು ಕಂಪ್ಯೂಟರ್ ಬಂದಿವೆ. ಈಗ ಹೆಮ್ಮೆಯ ಸಮಾಚಾರ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ, ಈ ನಾಲ್ಕು ತಾಲ್ಲೂಕಿನ ಕಂಬಳಿ ನೇಯುವವರು ಒಂದು ಸಂಘ ಮಾಡಿಕೊಂಡಿದ್ದಾರೆ. ಅವರ ವೆಬ್‌ಸೈಟನ್ನು ಮಾಡಿದವಳು ನಾನು. ಮೈಸೂರಿನಿಂದ ಯಾರನ್ನೂ ಕರೆಸಲಿಲ್ಲ, ಪುಸ್ತಕ ನೋಡಿಕೊಂಡು ನಾನೇ ಕಲಿತೆ. ತಾಲ್ಲೂಕಿಗೊಂದು ವಿಭಾಗ ಇದೆ. ಪ್ರತಿ ವಿಭಾಗದಲ್ಲೂ ನೇಯುವವರು ಅವರ ಬಾಯಲ್ಲೇ ಅವರ ಕೆಲಸದ ಕಥೆ ಹೇಳಿದ್ದಾರೆ. ಹೇಳಿದ ಮಾತಿನಲ್ಲಿ ಒಂದಕ್ಷರವನ್ನೂ ನಾನು ತಿದ್ದಿಲ್ಲ.

ಪಿರಿಯಾಪಟ್ಟಣದ ವಿಭಾಗ ನಮ್ಮ ಬೆಟ್ಟದಪುರದ್ದೇ. ಅದನ್ನು ಹೇಳಿದವರು ನಮ್ಮತ್ತೆ ಬೀರಮ್ಮ. ನಮ್ಮ ಮಾವ ನೇಯುತ್ತಿದ್ದ ಕಂಬಳಿಯ ಅಂಚಿನಲ್ಲಿ ಎರಡು ಬಿಳಿ ಗೆರೆ ಇರುತ್ತಿದ್ದವು, ಕೊಡಗಿನ ತೋಟದ ಮನೆಗಳಲ್ಲಿ ಅದಕ್ಕೆ ಬಲು ಹೆಸರಿತ್ತು. ಮಾವ ತೀರಿಕೊಂಡು ಎರಡು ವರ್ಷವಾಯಿತು.

ಕೇಳಬೇಕಾದ್ದು ಇಷ್ಟು. ಸರ್ಚ್‌ನಲ್ಲಿ ‘ಕಂಬಳಿ’ ಎಂದು ಹುಡುಕಿದರೆ ಎಚ್.ಡಿ.ಕೋಟೆಯ ಪುಟ ಮೊದಲನೆಯದಾಗಿ ಬರುತ್ತದೆ. ಹುಣಸೂರಿನ ಗಾವಡಗೆರೆಯ ಪುಟ ಆರನೆಯದು. ಕೆ.ಆರ್.ನಗರ ಇಲ್ಲವೇ ಇಲ್ಲ. ಬೆಟ್ಟದಪುರವೂ ಇಲ್ಲ, ಹತ್ತು ಪುಟ ಒತ್ತಿ ಒತ್ತಿ ನೋಡಿದೆ. ಒಂದೇ ಸೈಟು, ಒಂದೇ ದಿನ ಹಾಕಿದ್ದು, ಒಂದೇ ಕೈ ಮಾಡಿದ್ದು. ಹೀಗೇಕೆ? ನನಗಾಗಿ ಅಲ್ಲ, ಸುಮ್ಮನೆ ತಿಳಿದುಕೊಳ್ಳಲು ಕೇಳುತ್ತಿದ್ದೇನೆ.

ನಿಮ್ಮ ವಿದ್ಯಾರ್ಥಿನಿ,
ಪವಿತ್ರಾ

—

ಹೈದರಾಬಾದು
14 ಮಾರ್ಚ್ 2007

ಪವಿತ್ರಾ,

ನೆನಪಿದ್ದೀಯೆ. ಬಾಟನಿ ಪುಸ್ತಕವೊಂದನ್ನು ಹನ್ನೊಂದು ತಿಂಗಳು ಇಟ್ಟುಕೊಂಡಿದ್ದೆ, ಅದರ ನಡುವೆ ಕರಿಬೇವಿನ ಎಲೆ ಇತ್ತು.

‘ಸುಮ್ಮನೆ ತಿಳಿದುಕೊಳ್ಳಲು’ ಯಾರೂ ನಾಲ್ಕು ಹಾಳೆ ಬರೆಯುವುದಿಲ್ಲ. ಎಚ್.ಡಿ.ಕೋಟೆಯವರು ಮುಂದೆ ಬಂದರೆಂದು ನಿನಗೆ ಹೊಟ್ಟೆಯುರಿ. ಇರಲಿ, ಹೊಟ್ಟೆಯುರಿಯಿಂದಲೂ ಒಳ್ಳೆಯ ಕೆಲಸ ಆಗುತ್ತದೆ. ಆದರೆ ‘ನಾವೇಕೆ ಹಿಂದೆ’ ಎಂದು ಕೇಳಬೇಡ. ‘ಮುಂದಿರುವವರ ಹತ್ತಿರ ಏನಿದೆ, ನಮ್ಮ ಹತ್ತಿರ ಏನಿಲ್ಲ’ ಎಂದು ಕೇಳು. ಇಲ್ಲಿನ ಲೈಬ್ರರಿಯ ಸೈಟನ್ನು ಮೂರು ವರ್ಷದಿಂದ ನೋಡಿಕೊಳ್ಳುತ್ತಿರುವುದು ನಾನೇ. ನಮ್ಮಲ್ಲೂ ಇದೇ ರೋಗ ಬಂದಿತ್ತು, ಅದಕ್ಕೇ ಹೇಳುತ್ತಿದ್ದೇನೆ.

ನಿನ್ನ ಸೈಟನ್ನು ಆಫೀಸಿನಲ್ಲಿ ತೆರೆದೆ. ಮೂರು ವಿಭಾಗಗಳು ಡಬ್ಬಿ ಡಬ್ಬಿಯಾಗಿ ಕಂಡವು. ಕೆ.ಆರ್.ನಗರದ್ದು ಮಾತ್ರ ಡಬ್ಬಿಯಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಡಬ್ಬಿ ಬಂದರೆ ಪರವಾಗಿಲ್ಲ: ಅಲ್ಲಿ ಕನ್ನಡ ಇದೆ ಎಂದು ಯಂತ್ರಕ್ಕೆ ಗೊತ್ತು, ಬರೆಯಲು ಅಕ್ಷರ ಇಲ್ಲ ಅಷ್ಟೆ. ಇಂಗ್ಲಿಷ್ ಬಂತೆಂದರೆ ಆ ಪುಟವನ್ನು ನೀನು ಹಳೆಯ ಫಾಂಟಿನಲ್ಲಿ ಹೊಡೆದಿದ್ದೀಯೆ. ನಿನ್ನ ಕಣ್ಣಿಗೆ ಅದು ಕನ್ನಡ, ಹುಡುಕುವ ಯಂತ್ರದ ಕಣ್ಣಿಗೆ ಕಸ. ಅದನ್ನು ಮೊದಲು ಯೂನಿಕೋಡಿಗೆ ಬದಲಾಯಿಸು.

ಆಮೇಲೆ ಒಂದು ಹಾಳೆ ತೆಗೆದುಕೊಂಡು ನಾಲ್ಕು ಕಲಂ ಎಳೆ. ಪ್ರತಿ ವಿಭಾಗಕ್ಕೆ ಮುಖಪುಟದಿಂದ ಎಷ್ಟು ಬಾಗಿಲು, ಹೊರಗಿನ ಯಾವ ಸೈಟು ಅದರ ಕಡೆ ಕೈ ತೋರಿಸಿದೆ, ಯಾವ ಪದ ಎಷ್ಟು ಸಲ ಇದೆ, ಬರೆದು ಕಳಿಸು. ಊಹೆ ಬೇಡ, ಎಣಿಸು.

ಸುನಂದಮ್ಮ

—

ಹುಣಸೂರು
9 ಏಪ್ರಿಲ್ 2007

ಮೇಡಂ ಅವರಿಗೆ ನಮಸ್ಕಾರ.

ಕೆ.ಆರ್.ನಗರದ ಪುಟವನ್ನು ನಾನು ಮೊಟ್ಟಮೊದಲು ಹೊಡೆದದ್ದು, ಆಗ ಯೂನಿಕೋಡ್ ಬಗ್ಗೆ ಏನೂ ತಿಳಿದಿರಲಿಲ್ಲ. ಎರಡು ದಿನ ಕೂತು ಪೂರ್ತಿ ಮತ್ತೆ ಹೊಡೆದೆ. ಮೊನ್ನೆ ನೋಡಿದರೆ ಅದು ಹನ್ನೊಂದನೆಯದಾಗಿ ಬಂದಿದೆ. ಸೆಂಟರಿನಲ್ಲಿ ಕೂತಿದ್ದವರಿಗೆಲ್ಲ ಕರೆದು ತೋರಿಸಿದೆ. ಜಾತಕ ಪ್ರಿಂಟ್ ಮಾಡಿಸಲು ಬಂದಿದ್ದ ಯಜಮಾನರೊಬ್ಬರು ನನಗೆ ಪರೀಕ್ಷೆಯ ರಿಸಲ್ಟ್ ಬಂದಿದೆ ಎಂದುಕೊಂಡು ಒಳ್ಳೆಯದಾಗಲಿ ಎಂದು ಹೇಳಿ ಹೋದರು.

ಹೊಟ್ಟೆಯುರಿ ಎಂದಿರಿ, ಅದರಿಂದ ನೋವಾಯಿತು. ಎಚ್.ಡಿ.ಕೋಟೆಯ ಕಥೆ ಹೇಳಿದವರು ಬೀಚನಹಳ್ಳಿಯ ದೊಡ್ಡಮಾದಯ್ಯನವರು. ನಮ್ಮ ಮಾವನ ಜೊತೆ ಸಂತೆಗೆ ಹೋಗುತ್ತಿದ್ದವರು, ನನಗೆ ತಂದೆಯ ಸಮಾನ. ಕಬಿನಿ ಹಿನ್ನೀರಿನ ಹತ್ತಿರದ ರೆಸಾರ್ಟಿನವರು ಅವರ ಕಂಬಳಿ ತೆಗೆದುಕೊಳ್ಳುತ್ತಾರೆ, ಅವರ ಸೈಟಿನಿಂದ ದೊಡ್ಡಮಾದಯ್ಯನವರ ಪುಟಕ್ಕೆ ಕೊಂಡಿ ಇದೆ. ನೀವು ಹೇಳಿದ ಹಾಗೆ ಎಣಿಸಿದೆ. ಅವರ ಪುಟದಲ್ಲಿ ‘ಕಂಬಳಿ’ ಇಪ್ಪತ್ತಾರು ಸಲ ಇದೆ. ‘ನಾನು ದೊಡ್ಡಮಾದಯ್ಯ, ನಮ್ಮಪ್ಪ ಸಣ್ಣಬೀರಯ್ಯ, ನಮ್ಮೂರು ಬೀಚನಹಳ್ಳಿ’ ಎಂದೇ ಅವರು ಶುರು ಮಾಡುವುದು. ನಮ್ಮತ್ತೆಯ ಪುಟದಲ್ಲಿ ‘ಕಂಬಳಿ’ ನಾಲ್ಕು ಸಲ ಇದೆ.

ಮುಖಪುಟದಲ್ಲಿ ಮೂರು ತಾಲ್ಲೂಕಿಗೂ ದೊಡ್ಡ ಚಿತ್ರ, ದೊಡ್ಡ ಬಾಗಿಲು. ಬೆಟ್ಟದಪುರಕ್ಕೆ ಹೋಗಬೇಕಾದರೆ ‘ಇತರೆ’ ಎಂಬ ಪುಟಕ್ಕೆ ಹೋಗಿ, ಸಂಘದ ವಿಳಾಸ ದಾಟಿ, ಕೊನೆಯ ಸಾಲನ್ನು ಒತ್ತಬೇಕು. ಅದನ್ನು ಹಾಗೆ ಇಟ್ಟವಳು ನಾನೇ. ಊರೂರಿನವರು ನನ್ನನ್ನು ನಂಬಿ ಕೆಲಸ ಕೊಟ್ಟಿರುವಾಗ ನಮ್ಮ ಮನೆಯದನ್ನು ಮುಂದೆ ಹಾಕಿಕೊಳ್ಳುವುದು ಹೇಗೆ ಮೇಡಂ? ಬಂದವರಿಗೆಲ್ಲ ಬಡಿಸಿ ಆದ ಮೇಲೆ ಮನೆಯವರು ಕೂರುವುದು ನಮ್ಮ ಪದ್ಧತಿ.

ಒಂದು ವಿಷಯ ನಿಮಗೆ ಹೇಳಿರಲಿಲ್ಲ. ಈಗ ಆ ಕಂಬಳಿ ನೇಯುತ್ತಿರುವವರು ನಮ್ಮತ್ತೆ. ನಮ್ಮಲ್ಲಿ ಹೆಂಗಸರು ಕುರಿಯ ತುಪ್ಪಟ ಬಿಡಿಸಿ ನೂಲುತ್ತಾರೆ, ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಗುಂಡಿಮಗ್ಗಕ್ಕೆ ಇಳಿಯುವುದು ಗಂಡಸರು. ಮಾವ ಹೋದ ಹದಿನಾರನೇ ದಿನ ಅತ್ತೆ ಗುಂಡಿಗೆ ಇಳಿದು ಕೂತರು. ಅರ್ಧ ನೇಯ್ದು ಬಿಟ್ಟಿದ್ದ ಕಂಬಳಿ ಮಗ್ಗದಲ್ಲೇ ಇತ್ತು, ಅದನ್ನು ಮುಗಿಸಿದರು. ನೆಂಟರು ಬಂದು ಬೈದರು, ಅವರು ಎದ್ದು ಬರಲಿಲ್ಲ. ಆ ಕಂಬಳಿಯಲ್ಲಿ ಮಾವನ ಕೈ ಎಲ್ಲಿ ನಿಂತಿದೆ, ಅತ್ತೆಯ ಕೈ ಎಲ್ಲಿ ಶುರುವಾಗಿದೆ ಎಂದು ನನಗೆ ಇವತ್ತಿಗೂ ಗೊತ್ತಾಗುವುದಿಲ್ಲ.

ಪವಿತ್ರಾ

—

ಹೈದರಾಬಾದು
17 ಏಪ್ರಿಲ್ 2007

ಪವಿತ್ರಾ,

ಹೊಟ್ಟೆಯುರಿ ಎಂದದ್ದು ತಪ್ಪಾಯಿತು. ನಿಮ್ಮತ್ತೆಗೆ ನನ್ನ ನಮಸ್ಕಾರ ಹೇಳು, ಸುಮ್ಮನೆ ಹೇಳಬೇಡ, ನಿಂತು ಹೇಳು.

ಆದರೆ ನಿನ್ನ ಬುದ್ಧಿಗೆ ಏನು ಹೇಳಲಿ. ಊಟಕ್ಕೆ ಕೊನೆಯಲ್ಲಿ ಕೂತವರಿಗೂ ಎಲೆ ಹಾಕುತ್ತಾರೆ. ನೀನು ನಿಮ್ಮತ್ತೆಯನ್ನು ಹಿತ್ತಲಿನಲ್ಲಿ ಕೂರಿಸಿ ಬಾಗಿಲು ಹಾಕಿಕೊಂಡಿದ್ದೀಯೆ. ಹುಡುಕುವ ಯಂತ್ರ ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಕೊಂಡಿ ಹಿಡಿದು ನಡೆಯುತ್ತದೆ. ನೀನೇ ಮೂಲೆಗೆ ತಳ್ಳಿದ್ದನ್ನು ಅದು ಮೂಲೆಯದು ಎಂದೇ ತಿಳಿಯುತ್ತದೆ, ನಿನ್ನ ವಿನಯ ಅದಕ್ಕೆ ಅರ್ಥವಾಗುವುದಿಲ್ಲ. ಇವತ್ತೇ ನಾಲ್ಕೂ ಚಿತ್ರಗಳನ್ನು ಮುಖಪುಟಕ್ಕೆ ತಾ. ದೊಡ್ಡಮಾದಯ್ಯನವರ ಪುಟದಿಂದಲೂ ಒಂದು ಕೊಂಡಿ ಕೊಡಿಸು. ಸಂತೆಯ ಜೊತೆಗಾರರು ಬೇಡವೆನ್ನಲಿಕ್ಕಿಲ್ಲ.

ಇನ್ನೊಂದು ಮಾತು. ನಿನ್ನ ಅಕ್ಷರ ಮೊದಲು ಗುಂಡಗಿತ್ತು, ಈ ಕಾಗದದಲ್ಲಿ ಓಡುತ್ತಿದೆ. ಯಾವುದೋ ತಾರೀಖು ನಿನ್ನನ್ನು ಅಟ್ಟಿಸಿಕೊಂಡು ಬರುತ್ತಿದೆ. ಏನದು? ಹೇಳದಿದ್ದರೆ ನಾನು ಅರ್ಧ ರೋಗಕ್ಕೆ ಮಾತ್ರ ಔಷಧಿ ಕೊಡಬಲ್ಲೆ.

ಸುನಂದಮ್ಮ

—

ಬೆಟ್ಟದಪುರ
20 ಮೇ 2007

ಮೇಡಂ,

ತಿಂಗಳ ಮೇಲಾಯಿತು. ಬರೆಯುವ ಮನಸ್ಸಾಗಲಿಲ್ಲ, ಕ್ಷಮಿಸಿ.

ನೀವು ಹೇಳಿದ್ದನ್ನೆಲ್ಲ ಮಾಡಿದೆ. ನಾಲ್ಕು ಚಿತ್ರಗಳೂ ಮುಖಪುಟದಲ್ಲಿವೆ. ದೊಡ್ಡಮಾದಯ್ಯನವರು ಕೊಂಡಿಗೆ ಸಂತೋಷದಿಂದ ಒಪ್ಪಿದರು. ಈಗ ‘ಬೆಟ್ಟದಪುರ ಕಂಬಳಿ’ ಎಂದು ಹುಡುಕಿದರೆ ನಮ್ಮ ಪುಟ ಮೂರನೆಯದಾಗಿ ಬರುತ್ತದೆ. ಅದು ಮೊದಲ ಸಲ ಕಂಡ ದಿನ ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ಆದರೆ ಫೋನು ಬರಲಿಲ್ಲ. ಹಾಗೆ ಹುಡುಕುವವರು ಯಾರೂ ಇಲ್ಲ ಅಂತ ಕಾಣುತ್ತದೆ.

ತಾರೀಖು ಕೇಳಿದಿರಿ. ಆಗಸ್ಟ್ ಮೊದಲ ವಾರ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಿಂದ ಸೊಪ್ಪು ಬೆಂದು ಬರಲು ಶುರುವಾದರೆ ಅದನ್ನು ಒಣ ಜಾಗದಲ್ಲಿ ಜೋಡಿಸಿಡಬೇಕು. ಈ ಸಲ ಒಂದೆಕರೆ ಜಾಸ್ತಿ ಹಾಕಿದ್ದೇವೆ. ಮನೆಯಲ್ಲಿ ಒಣಗಿರುವ ಕೋಣೆ ಮಗ್ಗದ್ದೊಂದೇ. ಗುಂಡಿಯನ್ನು ಮಣ್ಣು ಹಾಕಿ ಮುಚ್ಚಿ, ಮಗ್ಗವನ್ನು ಬಿಚ್ಚಿ ಅಟ್ಟಕ್ಕೆ ಹಾಕಬೇಕು ಎಂದು ನಮ್ಮನೆಯವರು ಫೆಬ್ರವರಿಯಲ್ಲೇ ಹೇಳಿದರು. ಅವರು ಕೆಟ್ಟವರಲ್ಲ ಮೇಡಂ. ನೇಯ್ದ ಒಂಬತ್ತು ಕಂಬಳಿ ಪೆಟ್ಟಿಗೆಯಲ್ಲಿ ಹಾಗೇ ಇವೆ. ಅವ್ವ ಗುಂಡಿಯಲ್ಲಿ ಕಾಲಿಟ್ಟು ಮಂಡಿ ನೋವು ತಂದುಕೊಂಡಿದ್ದಾಳೆ, ಯಾರೂ ಕೇಳದಿದ್ದರೆ ಯಾರಿಗೋಸ್ಕರ ಎನ್ನುತ್ತಾರೆ. ನಾನು ಆಗಸ್ಟ್‌ವರೆಗೆ ಬಿಡಿ, ಅಷ್ಟರಲ್ಲಿ ಕೇಳುವವರನ್ನು ತರುತ್ತೇನೆ ಎಂದು ಪಂದ್ಯ ಕಟ್ಟಿದವಳಂತೆ ಹೇಳಿಬಿಟ್ಟೆ. ಅತ್ತೆಗೂ ಮಾತು ಕೊಟ್ಟಿದ್ದೇನೆ. ‘ಆ ಪೆಟ್ಟಿಗೆ ಒಳಗಿಂದ ಯಾರಾರಾ ಬತ್ತರಾ ನೋಡವ್ವ’ ಎಂದು ಅವರು ದಿನಾ ಸಂಜೆ ಕೇಳುತ್ತಾರೆ. ಪೆಟ್ಟಿಗೆ ಎಂದರೆ ಕಂಪ್ಯೂಟರು.

ನಿನ್ನೆ ದೊಡ್ಡಮಾದಯ್ಯನವರು ಹುಣಸೂರಿಗೆ ಬಂದಿದ್ದರು. ಅವರು ಹೇಳಿದ್ದು ಕೇಳಿ ನಾನು ಬಸ್ಸಿನಲ್ಲಿ ಅಳುತ್ತಲೇ ಮನೆಗೆ ಬಂದೆ. ಕೊಡಗಿನಿಂದ ಅವರಿಗೆ ಮೂರು ಫೋನು ಬಂದಿವೆ. ಮೂವರೂ ಕೇಳಿದ್ದು ನಮ್ಮ ಮಾವನ ಕಂಬಳಿಯನ್ನು. ಸೈಟಿನಲ್ಲಿ ಹುಡುಕಿದೆವು, ಸಿಗಲಿಲ್ಲ, ನಿಮ್ಮ ನಂಬರು ಸಿಕ್ಕಿತು ಎಂದರಂತೆ. ‘ಅವರ ಎಸರು ಇಡ್ಕಂಡು ಕೇಳ್ತಾರೆ ಕಣವ್ವ. ಆ ಯಪ್ಪ ತೀರ್ಕಂಡ್ರು, ಆ ಕಂಬಳಿ ಅವರ ಜತೆಗೇ ಓಯ್ತು ಅಂದುಬುಟ್ಟೆ’ ಎಂದರು ದೊಡ್ಡಮಾದಯ್ಯನವರು. ನಮ್ಮ ಪುಟ ಮಾವನ ನೆನಪಿಗೆ ಮಾಡಿದ್ದೆಂದು ಅವರು ತಿಳಿದಿದ್ದರು, ಅತ್ತೆ ನೇಯುತ್ತಿರುವುದು ಅವರಿಗೆ ತಿಳಿಯದು. ಅವರದು ತಪ್ಪಲ್ಲ.

ಕೇಳುವವರು ಇದ್ದಾರೆ, ನೇಯುವವರು ಇದ್ದಾರೆ, ಪುಟ ಇದೆ. ಆದರೂ ಅವರು ಹುಡುಕಿದಾಗ ನಮ್ಮ ಪುಟ ಯಾಕೆ ಸಿಗಲಿಲ್ಲ? ನನಗೆ ತಲೆ ಓಡುತ್ತಿಲ್ಲ.

ಪವಿತ್ರಾ

—

ಹೈದರಾಬಾದು
29 ಮೇ 2007

ಪವಿತ್ರಾ,

ನಿನ್ನ ಕಾಗದ ಬಂದ ದಿನವೇ ಆಫೀಸಿನ ಹುಡುಗನಿಗೆ ಗಂಟು ಬಿದ್ದು ನನ್ನ ಕಂಪ್ಯೂಟರಿಗೆ ಕನ್ನಡ ಹಾಕಿಸಿಕೊಂಡೆ. ಮೂರು ತಿಂಗಳಿಂದ ನಾನು ರೋಗಿಯನ್ನು ನೋಡದೆಯೇ ಔಷಧಿ ಹೇಳುತ್ತಿದ್ದೆ. ನಿಮ್ಮತ್ತೆಯ ಪುಟವನ್ನು ಮೊದಲ ಬಾರಿ ಓದಿದೆ. ಎರಡು ಸಲ ಓದಿದೆ. ತುಪ್ಪಟ ತೊಳೆಯುವ ನೀರು ಎಷ್ಟು ಬೆಚ್ಚಗಿರಬೇಕು, ಹುಣಸೆಬೀಜದ ಗಂಜಿ ಯಾವ ಹದಕ್ಕೆ ಬಂದಾಗ ಮಗ್ಗದ ಹಾಸಿನ ನೂಲಿಗೆ ಬಳಿಯಬೇಕು, ಎಲ್ಲವನ್ನೂ ಆಕೆ ಎಷ್ಟು ಚೆನ್ನಾಗಿ ಹೇಳಿದ್ದಾರೆ. ನೀನು ತಿದ್ದದೆ ಬಿಟ್ಟದ್ದು ದೊಡ್ಡ ಕೆಲಸ.

ಓದಿ ಮುಗಿದ ಮೇಲೆ ನಿನ್ನ ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡೆ. ಮೂರರಲ್ಲೂ ‘ನಮ್ಮ ಮಾವ’ ಇದ್ದಾರೆ. ಮತ್ತೆ ಪುಟವನ್ನು ತೆರೆದು, ನಿನಗೆ ಹೇಳಿದಂತೆ ನಾನೂ ಎಣಿಸಿದೆ. ‘ಅವರು’ ಮೂವತ್ತೊಂದು ಸಲ. ‘ನಮ್ಮನೇವ್ರು’ ಹನ್ನೊಂದು ಸಲ. ‘ಇವನ ಅಪ್ಪ’ ನಾಲ್ಕು ಸಲ.

ಕೊಡಗಿನವರು ಹೆಸರು ಹಿಡಿದು ಹುಡುಕಿದರು ಎಂದು ನೀನೇ ಬರೆದಿದ್ದೀಯೆ. ಆ ಹೆಸರು ಏನು ಹುಡುಗೀ? ಪುಟದಲ್ಲಿ ಅದು ಒಂದು ಸಲವೂ ಇಲ್ಲ. ನಿನ್ನ ಕಾಗದದಲ್ಲೂ ಇಲ್ಲ. ಮೂರು ತಿಂಗಳಿಂದ ನಾನು ಯಾರ ಕಂಬಳಿಗಾಗಿ ತಲೆ ಕೆಡಿಸಿಕೊಂಡಿದ್ದೇನೆ ಎಂದು ನನಗೇ ಗೊತ್ತಿಲ್ಲ. ನಿನ್ನ ಗಂಡನ ಹೆಸರೂ ಗೊತ್ತಿಲ್ಲ, ಅದು ಬೇರೆ ವಿಷಯ.

ಗಂಡನ ಹೆಸರನ್ನು ಹೇಳಬಾರದೆಂದು ನಿಮ್ಮತ್ತೆ ಹೇಳಲಿಲ್ಲ. ಮಾವನ ಹೆಸರನ್ನು ಹೇಳಬಾರದೆಂದು ನೀನು ಸೇರಿಸಲಿಲ್ಲ. ದೊಡ್ಡಮಾದಯ್ಯನವರು ಗಂಡಸು, ತಮ್ಮ ಹೆಸರು ಅಪ್ಪನ ಹೆಸರು ಸೇರಿಸಿ ಮೊದಲ ಸಾಲಿನಲ್ಲೇ ಹೇಳಿಕೊಂಡರು, ಯಂತ್ರ ಅವರನ್ನು ಮೊದಲ ಸಾಲಿನಲ್ಲಿ ಕೂರಿಸಿತು. ಇಷ್ಟೇ ರೋಗ. ಬರೆದವರ ಹೆಸರಿಲ್ಲದ ಪುಸ್ತಕ ಎಷ್ಟು ಒಳ್ಳೆಯದಾದರೂ ಕೇಳಿಕೊಂಡು ಬಂದವರಿಗೆ ನಾನು ತೆಗೆದುಕೊಡಲಾರೆ.

ನೀನು ಟೈಪ್ ಮಾಡಿದರೆ ಒಂದು ನಿಮಿಷದ ಕೆಲಸ. ಆದರೆ ಮಾಡಬೇಡ. ಅದು ಆಕೆಯ ಬಾಯಿಂದ ಬಂದ ಪುಟ. ಆಕೆಯನ್ನು ಕೇಳು. ಬೇಡವೆಂದರೆ ಬಿಟ್ಟುಬಿಡು. ಆ ಕಷ್ಟ ಎಂಥದ್ದೆಂದು ನನಗೂ ಸ್ವಲ್ಪ ಗೊತ್ತು.

ಸುನಂದಮ್ಮ

—

ಬೆಟ್ಟದಪುರ
12 ಜೂನ್ 2007

ಮೇಡಂ,

ನಿಮ್ಮ ಕಾಗದವನ್ನು ಬಸ್ಸಿನಲ್ಲಿ ಓದಿ ನಕ್ಕೆ, ಮನೆ ಬರುವಷ್ಟರಲ್ಲಿ ನಗು ಹೋಯಿತು. ಅಷ್ಟು ಎಣಿಸಿದವಳು ನಾನು, ಇದು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಯಾವತ್ತೂ ಇಲ್ಲದ್ದು ಇಲ್ಲ ಎಂದು ಗೊತ್ತಾಗುವುದಾದರೂ ಹೇಗೆ.

ಐದು ದಿನ ಕೇಳಲು ಧೈರ್ಯ ಬರಲಿಲ್ಲ. ಭಾನುವಾರ ಮಧ್ಯಾಹ್ನ ಅತ್ತೆ ಮಗ್ಗದಲ್ಲಿದ್ದರು, ನಮ್ಮನೆಯವರು ಬಾಗಿಲಲ್ಲಿ ಕೂತು ಕೋಣೆಯ ಗೋಡೆಯನ್ನು ಟೇಪಿನಿಂದ ಅಳೆಯುತ್ತಿದ್ದರು. ಎಷ್ಟು ಸೊಪ್ಪು ಹಿಡಿಯುತ್ತದೆಂದು ಲೆಕ್ಕ ಹಾಕುತ್ತಿದ್ದಾರೆಂದು ನನಗೆ ಎದೆ ಉರಿಯಿತು. ಆ ಸಿಟ್ಟಿನಲ್ಲೇ ನಿಮ್ಮ ಕಾಗದವನ್ನು ಗಟ್ಟಿಯಾಗಿ ಓದಿದೆ.

ಅತ್ತೆ ಲಾಳಿ ಕೆಳಗಿಟ್ಟರು. ನಲವತ್ತೈದು ವರ್ಷದಿಂದ ಆ ಹೆಸರು ಅವರ ಬಾಯಲ್ಲಿ ಬಂದಿಲ್ಲವಂತೆ. ರೇಷನ್ ಕಾರ್ಡಿನವರು ಕೇಳಿದರೆ ಮಗನ ಕಡೆ ಕೈ ತೋರಿಸುತ್ತಿದ್ದರು. ಮಗ ಹುಟ್ಟುವುದಕ್ಕೆ ಮುಂಚೆ ಪಕ್ಕದ ಮನೆಯವರನ್ನು ಕರೆಯುತ್ತಿದ್ದರು. ಮದುವೆಯ ಸೋಬಾನೆ ಹಾಡುವ ಹೊತ್ತಿನಲ್ಲಿ ಹೆಂಗಸರೆಲ್ಲ ಸುತ್ತುಗಟ್ಟಿ ಕಾಡಿದಾಗಲೂ ಹೇಳದೆ ಎದ್ದು ಹೋಗಿದ್ದರಂತೆ.

ನಮ್ಮನೆಯವರು ಟೇಪು ಸುತ್ತಿಕೊಂಡು, ಇದಕ್ಯಾಕೆ ಇಷ್ಟು ಯೋಚನೆ, ನಾನು ಹೇಳುತ್ತೇನೆ ಹಾಕಿಕೋ, ಮಗನಾದವನಿಗೆ ಯಾವ ಅಡ್ಡಿಯೂ ಇಲ್ಲವಲ್ಲ ಎಂದರು. ನನಗೂ ಅದೇ ಸರಿ ಅನ್ನಿಸಿತು. ಅತ್ತೆ ತಲೆ ಎತ್ತಿ ಮಗನನ್ನು ನೋಡಿದರು.

‘ನೀ ಏಳುದ್ರೆ ಅದು ನಿಮ್ಮಪ್ಪನ ಎಸರಾಯ್ತದೆ ಕಣ್ಲಾ. ಇದ ನೇಯ್ತಿರೋಳು ನಾನು. ಗಂಡಸ್ರ ಗುಂಡಿಗೇ ಇಳ್ದಾಯ್ತು, ಇನ್ನು ಎಸರಿಗೆ ಎದರ್ಕಂಡನಾ? ನಾನೇ ಏಳ್ತೀನಿ, ಬುಡು.’

ಗುಂಡಿಯಿಂದ ಮೇಲೆ ಬಂದು ಕೈ ತೊಳೆದುಕೊಂಡರು. ತಲೆಯ ಮೇಲೆ ಸೆರಗು ಎಳೆದುಕೊಂಡರು. ಮತ್ತೆ ಗುಂಡಿಗೆ ಇಳಿದು ಕೂತು, ಹಾಸಿನ ಮೇಲೆ ಎರಡೂ ಕೈ ಇಟ್ಟು ಹೇಳಿದರು. ಮೊದಲ ಸಲ ನಮಗೂ ಕೇಳಿಸಲಿಲ್ಲ. ಎರಡನೇ ಸಲ ಬೀದಿಗೆ ಕೇಳುವಂತೆ ಬಂತು.

‘ಮಂಟಯ್ಯ. ಬರ್ಕೋ. ಇದು ಬೆಟ್ಟದಪುರದ ಮಂಟಯ್ಯನ ಕಂಬಳಿ. ಮಂಟಯ್ಯ ಕಲಿಸುದ್ರು, ಬೀರಮ್ಮ ನೇಯ್ತಾವ್ಳೆ. ನಿಂತಿಲ್ಲ ಅಂತ ಬರಿ.’

ನಾನು ಅವತ್ತೇ ಬಸ್ಸು ಹತ್ತಿ ಹುಣಸೂರಿಗೆ ಹೋಗಿ ಪುಟದ ತಲೆಯಲ್ಲಿ ಅದನ್ನೇ ಹಾಕಿದೆ. ಒಂದಕ್ಷರವನ್ನೂ ತಿದ್ದಲಿಲ್ಲ. ಆ ಹೆಸರನ್ನು ನನ್ನ ಬೆರಳು ಹೊಡೆದದ್ದು ಅದೇ ಮೊದಲು, ಕಾಗದದಲ್ಲಿ ಬರೆಯುತ್ತಿರುವುದು ಇದೇ ಮೊದಲು. ದೊಡ್ಡಮಾದಯ್ಯನವರಿಗೂ ಫೋನು ಮಾಡಿ ಹೇಳಿದೆ. ಅವರು ಕೂಡಲೇ ಆ ಮೂವರ ನಂಬರು ಹುಡುಕಿಕೊಡುತ್ತೇನೆ ಎಂದರು.

ಇನ್ನು ಕಾಯಬೇಕು. ಏಳು ವಾರ ಇದೆ.

ಪವಿತ್ರಾ

—

ಹೈದರಾಬಾದು
6 ಜುಲೈ 2007

ಪವಿತ್ರಾ,

ಇವತ್ತು ಬೆಳಿಗ್ಗೆ ಆಫೀಸಿಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ‘ಮಂಟಯ್ಯನ ಕಂಬಳಿ’ ಎಂದು ಹುಡುಕಿದೆ. ಮೊದಲನೆಯ ಸಾಲಿನಲ್ಲೇ ನಿಮ್ಮ ಪುಟ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಮಂಟಯ್ಯ ಕಲಿಸುದ್ರು, ಬೀರಮ್ಮ ನೇಯ್ತಾವ್ಳೆ’. ಪಕ್ಕದ ಮೇಜಿನ ತೆಲುಗಿನವರನ್ನು ಕರೆದು ತೋರಿಸಿದೆ. ಅವರಿಗೆ ಓದಲು ಬಾರದು, ನನ್ನ ಮುಖ ನೋಡಿ ತಾವೂ ಸಂತೋಷಪಟ್ಟರು. ಆ ಪುಟವನ್ನು ಪ್ರಿಂಟ್ ತೆಗೆದು ಇದರ ಜೊತೆ ಇಟ್ಟಿದ್ದೇನೆ, ನಿಮ್ಮತ್ತೆಯ ಕೈಗೆ ಕೊಡು.

ಮೂವತ್ತೊಂದು ವರ್ಷದ ಕೆಲಸದಲ್ಲಿ ಎಷ್ಟೋ ಜನರಿಗೆ ಪುಸ್ತಕ ಕೊಟ್ಟಿದ್ದೇನೆ, ಹೆಚ್ಚಿನವರ ಮುಖ ಮರೆತಿದ್ದೇನೆ. ತಡವಾಗಿ ತರುತ್ತಿದ್ದ ಹುಡುಗಿಯೊಬ್ಬಳು ಹೀಗೆ ಎಣಿಸಿ, ತಿದ್ದಿ, ಮತ್ತೆ ಎಣಿಸಿ ಕೆಲಸ ಮಾಡುತ್ತಾಳೆಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ನಿನ್ನ ಬಗ್ಗೆ ನನಗೆ ಹೆಮ್ಮೆ ಇದೆ. ಇದನ್ನು ಮತ್ತೆ ಮತ್ತೆ ಹೇಳುವವಳಲ್ಲ ನಾನು, ಸರಿಯಾಗಿ ಓದಿಕೋ.

ಈ ತಿಂಗಳ ಕೊನೆಗೆ ನನಗೆ ನಿವೃತ್ತಿ. ನನಗೂ ಒಂದು ಕಂಬಳಿ ಬೇಕು.

ನಾನೂ ಒಂದು ವಿಷಯ ಮುಚ್ಚಿಟ್ಟಿದ್ದೆ. ನಮ್ಮ ಮನೆಯವರು ತೀರಿಕೊಂಡ ದಿನ ಆಸ್ಪತ್ರೆಯ ಗುಮಾಸ್ತ ಅವರ ಹೆಸರು ಕೇಳಿದ. ಓದಿದವಳು, ನೌಕರಿಯಲ್ಲಿದ್ದವಳು, ಊರಿಗೆಲ್ಲ ಬುದ್ಧಿ ಹೇಳುವವಳು, ನನ್ನ ಬಾಯಿಂದ ಹೆಸರು ಬರಲಿಲ್ಲ. ಪೆನ್ನು ಇಸಿದುಕೊಂಡು ಬರೆದು ತೋರಿಸಿದೆ. ಹದಿನೇಳು ವರ್ಷವಾಯಿತು, ಮೊನ್ನೆ ಮೊನ್ನೆಯವರೆಗೂ ಹೇಳಿರಲಿಲ್ಲ. ನಿನ್ನ ಕಾಗದ ಓದಿದ ಮೇಲೆ ಬಾಗಿಲು ಹಾಕಿಕೊಂಡು ಒಂದು ಸಲ ಗಟ್ಟಿಯಾಗಿ ಹೇಳಿದೆ. ಕಂಠಪ್ಪ.

ಯಾವ ಯಂತ್ರದಲ್ಲೂ ಹುಡುಕಬೇಕಾದ ಹೆಸರಲ್ಲ ಅದು. ಆದರೂ ನಿಮ್ಮತ್ತೆಗೆ ಇದನ್ನು ಹೇಳು.

ಸುನಂದಮ್ಮ

—

ಬೆಟ್ಟದಪುರ
5 ಆಗಸ್ಟ್ 2007

ಮೇಡಂ,

ನೀವು ಕಳಿಸಿದ ಪ್ರಿಂಟನ್ನು ಅತ್ತೆ ಮಗ್ಗದ ಕೋಣೆಯ ಗೋಡೆಗೆ ಗಂಜಿಯಲ್ಲೇ ಅಂಟಿಸಿದ್ದಾರೆ. ಬಂದವರಿಗೆಲ್ಲ ಬೆರಳಿಟ್ಟು ತೋರಿಸುತ್ತಾರೆ. ಓದಲು ಬಾರದು, ಆದರೆ ಹೆಸರು ಯಾವ ಜಾಗದಲ್ಲಿದೆ ಎಂದು ಗೊತ್ತು.

ಪೆಟ್ಟಿಗೆಯಲ್ಲಿದ್ದ ಒಂಬತ್ತೂ ಹೋದವು. ವಿರಾಜಪೇಟೆಯಿಂದ ಬಂದ ವಯಸ್ಸಾದ ಅಮ್ಮನೊಬ್ಬರು ಅಂಚಿನ ಎರಡು ಬಿಳಿ ಗೆರೆಯ ಮೇಲೆ ಕೈಯಾಡಿಸಿ, ಮನೆಯಲ್ಲಿರುವ ಹಳೆಯದರ ಹಾಗೇ ಇದೆ, ವ್ಯತ್ಯಾಸ ಕಾಣುತ್ತಿಲ್ಲ ಎಂದರು. ನಮ್ಮತ್ತೆ ಒಳಗೆ ಹೋಗಿ ಅತ್ತು ಬಂದರು. ಈಗ ಕೊಡಗಿನವರು ಇನ್ನೂ ಆರು ಬೇಕೆಂದು ಹೇಳಿದ್ದಾರೆ.

ಒಂದು ತಪ್ಪು ಒಪ್ಪಿಕೊಳ್ಳಬೇಕು. ನಮ್ಮನೆಯವರು ಟೇಪು ಹಿಡಿದು ಕೋಣೆ ಅಳೆದದ್ದು ಸೊಪ್ಪಿಗಲ್ಲ. ಹೋದ ವಾರ ಮೇಸ್ತ್ರಿಯನ್ನು ಕರೆತಂದು, ಗುಂಡಿಯ ಎದುರಿನ ಗೋಡೆ ಒಡೆಸಿ ಕಿಟಕಿ ಇಡಿಸಿದರು. ಅವ್ವನಿಗೆ ಬೆಳಕು ಸಾಲದೆ ಕಣ್ಣು ಕಿರಿದು ಮಾಡಿಕೊಂಡು ನೇಯುವುದನ್ನು ಅವರು ಅಂದೇ ನೋಡಿದ್ದರಂತೆ, ನನಗೆ ಹೇಳಲು ಬಿಗುಮಾನ. ಸೊಪ್ಪಿಗೆ ಬ್ಯಾರನ್ನಿನ ಪಕ್ಕದಲ್ಲಿ ತಗಡಿನ ಕೊಟ್ಟಿಗೆ ಎಬ್ಬಿಸಿದ್ದಾರೆ. ನೀವು ಕೇಳಿದಿರಲ್ಲ, ಅವರ ಹೆಸರು ವಸಂತ್. ಬರೆದುಬಿಟ್ಟೆ. ಈ ಕಾಗದವನ್ನು ಅವರಿಗೆ ತೋರಿಸುವುದಿಲ್ಲ.

ಮೊನ್ನೆ ಸೋಮವಾರಪೇಟೆಯಿಂದ ಮನೆಗೆ ಫೋನು ಬಂತು. ಎತ್ತಿದವರು ಅತ್ತೆ. ಆ ಕಡೆಯವರು ಮಂಟಯ್ಯನವರ ಮನೆಯೇ ಎಂದು ಕೇಳಿರಬೇಕು. ಅತ್ತೆ ಸೆರಗು ಸರಿ ಮಾಡಿಕೊಂಡು, ‘ಊಂ, ಮಂಟಯ್ಯನ ಮನೇನೆ. ನಾನು ಬೀರಮ್ಮ, ಯೋಳಿ’ ಎಂದರು. ನಾನು ಅಡಿಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆ.

ನಿಮ್ಮ ಕಂಬಳಿಯನ್ನು ಇವತ್ತು ಪಾರ್ಸೆಲ್ ಕಟ್ಟುತ್ತಿದ್ದೇನೆ, ಈ ಕಾಗದವನ್ನು ಅದರೊಳಗೇ ಇಡುತ್ತೇನೆ. ಹೊಸ ಕಿಟಕಿಯ ಬೆಳಕಿನಲ್ಲಿ ನೇಯ್ದ ಮೊದಲನೆಯದು. ವಿಳಾಸ ಬರೆಯುವಾಗ ಅತ್ತೆ ಪಕ್ಕದಲ್ಲೇ ಕೂತಿದ್ದರು. ನಾನು ‘ಶ್ರೀಮತಿ ಸುನಂದಮ್ಮ, ನಿವೃತ್ತ ಗ್ರಂಥಪಾಲಕರು’ ಎಂದು ಬರೆಯಲು ಹೋದೆ. ಅವರು ಕೈ ಹಿಡಿದು ನಿಲ್ಲಿಸಿ, ತಾವು ಹೇಳಿದಂತೆಯೇ ಬರೆಯಬೇಕು ಎಂದರು. ಹಾಗೇ ಬರೆದಿದ್ದೇನೆ, ಹೊದಿಕೆ ಬಿಚ್ಚುವ ಮೊದಲು ನೋಡಿರುತ್ತೀರಿ:

ಕಂಠಪ್ಪನವರ ಸುನಂದಮ್ಮನಿಗೆ,
ಮಂಟಯ್ಯನ ಬೀರಮ್ಮನಿಂದ.

ಪವಿತ್ರಾ